ಓದುಗರ ಪ್ರಶ್ನೆ: ನಾರ್ನಿಯಾ ಬರೆದ ಲೂಯಿಸ್ ಕೊನೆಗಾಲದಲ್ಲಿ ದೇವರನ್ನ ಬಿಟ್ಟನಾ?

ಹೋದ ಸಲ ಒಬ್ಬ ಓದುಗರು ಮಕ್ಕಳಿಗೆ ಯಾವ ಇಂಗ್ಲಿಷ್ ಕತೆ ಓದಿಸ್ಲಿ ಅಂತ ಕೇಳಿದ್ರು, ನಾನು ಸಿ.ಎಸ್. ಲೂಯಿಸ್ ಬರೆದ ನಾರ್ನಿಯಾ ಕತೆಗಳ ಹೆಸರು ಹೇಳಿ, ಈತ ದೊಡ್ಡ ಕ್ರೈಸ್ತ ಲೇಖಕ, ಕೊನೆಗಾಲದಲ್ಲಿ ತುಂಬಾ ನೊಂದ ಅಂತ ಒಂದು ಸಾಲು ಸೇರಿಸಿದ್ದೆ ಅಷ್ಟೇ. ಈಗ ಬಂದಿರೋ ಪತ್ರ, ಮೇಲ್ ನೋಡಿದ್ರೆ ಯಾರಿಗೂ ನಾರ್ನಿಯಾ ಬೇಡ, ಎಲ್ರಿಗೂ ಆ ಕೊನೆ ಸಾಲೇ ಬೇಕು. ಸರಿ, ಈ ಸಲ ಪೂರ್ತಿ ಅವನದೇ. ಹೆಸರು ಹಾಕ್ಬೇಡಿ ಅಂತ ಕೆಲವರು ಬರೆದಿರೋದ್ರಿಂದ ಎಲ್ಲರದ್ದೂ ಬರೀ ಊರಷ್ಟೇ ಹಾಕಿದೀನಿ.

ಪ್ರಶ್ನೆ: ಸರ್, ನಮ್ಮ ಓದೋ ಗುಂಪಿನಲ್ಲಿ ಇದೇ ಜಗಳ. ಲೂಯಿಸ್ ಜೀವಮಾನವಿಡೀ ದೇವರ ಪರ ವಾದ ಮಾಡಿ, ಹೆಂಡತಿ ಕ್ಯಾನ್ಸರ್‌ನಲ್ಲಿ ಹೋದ್ಮೇಲೆ ನಂಬಿಕೆ ಕಳ್ಕೊಂಡ ಅಂತ ಒಬ್ರು, ಅದೆಲ್ಲಾ ಸಿನಿಮಾದವ್ರು ಕಟ್ಟಿದ್ದು ಅಂತ ಇನ್ನೊಬ್ರು. ಯಾವ್ದು ನಿಜ?
ಶಿವಮೊಗ್ಗ

ಉತ್ತರ: ಕಳ್ಕೊಳ್ಳಲಿಲ್ಲ. ಆದ್ರೆ ತಪ್ಪನ್ನೆಲ್ಲಾ ಸಿನಿಮಾದವ್ರ ತಲೆಗೆ ಕಟ್ಟೋಕೂ ಆಗಲ್ಲ, ಅನುಮಾನಕ್ಕೆ ದಾರಿ ಮಾಡಿಕೊಟ್ಟಿದ್ದು ಲೂಯಿಸ್ಸೇ ಬರೆದ ಒಂದು ಪುಸ್ತಕ.

ಸ್ವಲ್ಪ ಹಿಂದಿನಿಂದ ಹೇಳ್ತೀನಿ. 1898ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ್ದು, ಒಂಬತ್ತು ವರ್ಷದವನಿದ್ದಾಗ ತಾಯಿ ಕ್ಯಾನ್ಸರ್‌ನಲ್ಲಿ ತೀರಿಕೊಂಡ್ರು, ಅಮ್ಮ ಬದುಕಲಿ ಅಂತ ಹುಡುಗ ಮಾಡಿದ ಪ್ರಾರ್ಥನೆ ಯಾವ್ದೂ ಫಲಿಸಲಿಲ್ಲ. ಹದಿಹರೆಯದಲ್ಲಿ ಪಕ್ಕಾ ನಾಸ್ತಿಕ, ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸಿನ ಕಂದಕಗಳಲ್ಲಿ ಇದ್ದು ಗಾಯ ಮಾಡ್ಕೊಂಡು ವಾಪಸ್ ಬಂದ, ಆಕ್ಸ್‌ಫರ್ಡ್‌ನಲ್ಲಿ ಮೇಷ್ಟ್ರಾದ. 1929ರ ಹೊತ್ತಿಗೆ ದೇವರಿದ್ದಾನೆ ಅಂತ ಒಪ್ಕೊಂಡ, ಅದೂ ಖುಷಿಯಿಂದಲ್ಲ, ಇಡೀ ಇಂಗ್ಲೆಂಡಿನಲ್ಲಿ ನನ್ನಷ್ಟು ಮನಸ್ಸಿಲ್ಲದ ಮನಸ್ಸಿಂದ ಆಸ್ತಿಕನಾದವನು ಬೇರೆ ಇರಲಿಕ್ಕಿಲ್ಲ ಅಂತ ಅವನೇ ಬರ್ಕೊಂಡಿದ್ದಾನೆ. ಕ್ರಿಸ್ತನನ್ನ ಒಪ್ಕೊಂಡಿದ್ದು ಇನ್ನೆರಡು ವರ್ಷ ಆದ್ಮೇಲೆ, 1931ರ ಸೆಪ್ಟೆಂಬರ್‌ನಲ್ಲಿ, ಅಣ್ಣ ವಾರ್ನಿಯ ಮೋಟರ್‌ಬೈಕಿನ ಸೈಡ್‌ಕಾರಲ್ಲಿ ಕೂತು ವಿಪ್ಸ್‌ನೇಡ್ ಅನ್ನೋ ಝೂ ನೋಡೋಕೆ ಹೋಗೋ ದಾರಿಯಲ್ಲಿ. ಹೊರಟಾಗ ನಂಬಿಕೆ ಇರ್ಲಿಲ್ಲ, ಝೂ ತಲುಪಿದಾಗ ಇತ್ತು, ಅಷ್ಟೇ. ಆಮೇಲೆ 1940ರಲ್ಲಿ 'ದಿ ಪ್ರಾಬ್ಲಮ್ ಆಫ್ ಪೇಯ್ನ್' ಅಂತ ಪುಸ್ತಕ ಬರೆದ, ಒಳ್ಳೇ ದೇವರು ಇದ್ರೆ ಜಗತ್ತಲ್ಲಿ ನೋವು ಯಾಕಪ್ಪಾ ಅನ್ನೋದಕ್ಕೆ ಉತ್ತರ. ಯುದ್ಧದ ಟೈಮಲ್ಲಿ ಬಿಬಿಸಿ ರೇಡಿಯೋದಲ್ಲಿ ಮಾತಾಡಿದ, ದೇಶಕ್ಕೆ ದೇಶವೇ ಕೇಳ್ತು, 1947ರಲ್ಲಿ ಟೈಮ್ ಪತ್ರಿಕೆ ಮುಖಪುಟಕ್ಕೂ ಬಂದ. ಯಾರು ಏನೇ ಕೇಳಿದ್ರೂ ಉತ್ತರ ಇಟ್ಕೊಂಡಿರೋ ಮನುಷ್ಯ ಅಂತ ಹೆಸರಾಯ್ತು.

ಇಂಥವನ ಹೆಂಡತಿ ಜಾಯ್ ಡೇವಿಡ್‌ಮನ್ 1960ರ ಜುಲೈ 13ರಂದು ತೀರಿಕೊಂಡಳು, ವಯಸ್ಸು 45. ಮನೇಲಿ ಬಿದ್ದಿದ್ದ ಖಾಲಿ ನೋಟ್‌ಬುಕ್ ಎತ್ಕೊಂಡು ಲೂಯಿಸ್ ಮನಸ್ಸಿಗೆ ಬಂದಿದ್ದನ್ನ ಗೀಚ್ತಾ ಹೋದ, ಒಟ್ಟು ನಾಲ್ಕು ನೋಟ್‌ಬುಕ್ ತುಂಬ್ತು, ಹೊಸದು ಕೊಂಡು ತಂದು ಬರೆಯೋದಿಲ್ಲ, ಇದು ಮುಗಿದ್ರೆ ಮುಗೀತು ಅಂತ ತನಗೆ ತಾನೇ ಷರತ್ತು ಹಾಕ್ಕೊಂಡಿದ್ದ. ಅದೇ 1961ರಲ್ಲಿ 'ಎ ಗ್ರೀಫ್ ಅಬ್ಸರ್ವ್ಡ್' ಅಂತ ಬಂತು, ಆದ್ರೆ ಅವನ ಹೆಸರಲ್ಲಲ್ಲ, ಎನ್.ಡಬ್ಲ್ಯೂ. ಕ್ಲರ್ಕ್ ಅನ್ನೋ ಸುಳ್ಳು ಹೆಸರಲ್ಲಿ, ಹೆಂಡತಿಗೂ ಅದರಲ್ಲಿ ಬರೀ 'ಎಚ್' ಅಂತ ಹೆಸರು. ತಮಾಷೆ ನೋಡಿ, ಯಾರು ಬರೆದಿದ್ದು ಅಂತ ಗೊತ್ತಿಲ್ಲದ ಸ್ನೇಹಿತರು ಪಾಪ ನಿನಗೆ ಸಮಾಧಾನ ಆಗ್ಲಿ ಅಂತ ಅವನ ಪುಸ್ತಕನ ಅವನಿಗೇ ತಂದು ಕೊಟ್ರಂತೆ. ಸ್ವಂತ ಹೆಸರಲ್ಲಿ ಅಚ್ಚಾಗಿದ್ದು ಅವನು ಸತ್ತ ಮೇಲೆ.

ಆ ಪುಸ್ತಕದ ಮೊದಲ ಪುಟಗಳನ್ನ ಓದಿದ್ರೆ ನಿಮ್ಮ ಗುಂಪಿನ ಮೊದಲನೇಯವರು ಹೇಳಿದ್ದು ಸರಿ ಅನ್ಸುತ್ತೆ. ದೇವರ ಹತ್ರ ಹೋದ್ರೆ ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕ್ಕೊಂಡ, ಒಳಗಿಂದ ಚಿಲಕ ಹಾಕಿದ ಸದ್ದು, ಮತ್ತೊಂದು ಚಿಲಕ ಹಾಕಿದ ಸದ್ದು, ಆಮೇಲೆ ಏನೂ ಇಲ್ಲ, ಅಂತ ಬರೀತಾನೆ. ಮುಂದೆ ಹೋಗಿ ದೇವರು ಹಿಂಸೆ ಕೊಟ್ಟು ಮಜಾ ತಗೊಳ್ಳೋನಾ ಅಂತಾನೂ ಕೇಳ್ತಾನೆ. ಧರ್ಮ ನಿಜವೋ ಸುಳ್ಳೋ ಅಂತ ಮಾತಾಡಿ, ಕೇಳ್ತೀನಿ, ಧರ್ಮದಿಂದ ಸಿಗೋ ಸಮಾಧಾನದ ಬಗ್ಗೆ ಮಾತ್ರ ನನ್ನತ್ರ ಬಂದು ಮಾತಾಡ್ಬೇಡಿ, ನಿಮಗೆ ಏನೂ ಅರ್ಥ ಆಗಿಲ್ಲ ಅಂದ್ಕೊಳ್ತೀನಿ ಅಂತಾನೆ. ಇಪ್ಪತ್ತು ವರ್ಷದ ಹಿಂದೆ ನೋವಿನ ಬಗ್ಗೆ ಇಡೀ ಪುಸ್ತಕ ಬರೆದವನ ಬಾಯಲ್ಲಿ ಈ ಮಾತು.

ಆದ್ರೆ ಅಲ್ಲೇ ಇನ್ನೊಂದು ಮಾತಿದೆ, ಅದನ್ನ ಯಾರೂ ಫಾರ್ವರ್ಡ್ ಮಾಡಲ್ಲ. ದೇವರನ್ನ ನಂಬೋದು ನಿಂತುಹೋಗೋ ಅಪಾಯ ನನಗಿಲ್ಲ, ದೇವರ ಬಗ್ಗೆ ಭಯಂಕರವಾದದ್ದನ್ನ ನಂಬಿಬಿಡೋ ಅಪಾಯ ಇದೆ ಅಂತ. ಅಂದ್ರೆ ಅವನ ಹೆದರಿಕೆ ಮೇಲೆ ಯಾರೂ ಇಲ್ಲ ಅಂತಲ್ಲ, ಇರೋನು ಹಿಂಗಾ ಅಂತ. ಇದು ನಾಸ್ತಿಕನ ಸಂಕಟ ಅಲ್ಲವೇ ಅಲ್ಲ, ಪಕ್ಕಾ ಭಕ್ತನ ಸಂಕಟ. ಕಲ್ಲಯ್ಯಾ, ಕಣ್ಣಿಲ್ವಾ ನಿನಗೆ ಅಂತ ದೇವರಿಗೆ ಬೈಯೋರು ನಮ್ಮ ಮನೆಗಳಲ್ಲೂ ಇದಾರೆ, ಮರುದಿನ ದೀಪ ಹಚ್ಚೋರೂ ಅವರೇ.

ಮೂರನೇ ನೋಟ್‌ಬುಕ್ ಹೊತ್ತಿಗೆ ದನಿ ತಿರುಗುತ್ತೆ. ಎಷ್ಟೋ ದಿನದ ಮೋಡ ಕರಗಿ ಬಿಸಿಲು ಬಂದಿರುತ್ತೆ, ಹಿಂದಿನ ರಾತ್ರಿ ನಿದ್ದೆ ಚೆನ್ನಾಗಿ ಆಗಿರುತ್ತೆ, ಅವತ್ತು ಬೆಳಿಗ್ಗೆ ದುಃಖ ಕಮ್ಮಿ ಇದ್ದ ಹೊತ್ತಲ್ಲೇ ಅವಳು ಸ್ಪಷ್ಟವಾಗಿ ನೆನಪಾಗ್ತಾಳೆ. ಅದಕ್ಕೂ ಮೊದ್ಲು, ಅವಳ ಮುಖನೇ ಸರಿಯಾಗಿ ಕಣ್ಮುಂದೆ ಬರ್ತಿಲ್ಲ, ಮನೇಲಿ ಒಂದು ಒಳ್ಳೇ ಫೋಟೋನೂ ಇಲ್ಲ ಅಂತ ಒದ್ದಾಡಿದ್ದ. ಆಗ ಅವನಿಗೆ ಹೊಳೆಯೋದು, ಬಾಗಿಲು ಹಾಕಿದ್ದು ನನ್ನ ಹುಚ್ಚು ಅಗತ್ಯಾನೇ ಇರಬಹುದಾ ಅಂತ, ಮುಳುಗ್ತಿರೋನು ಕಾಪಾಡೋಕೆ ಬಂದವನನ್ನ ಅವುಚಿ ಹಿಡ್ಕೊಂಡ್ರೆ ಅವನು ಕಾಪಾಡೋದಾದ್ರೂ ಹೆಂಗೆ. ಕೊನೇಗೆ ಪ್ರಶ್ನೆ ಕೇಳಿದ್ರೆ ಉತ್ತರ ಇಲ್ಲ, ಆದ್ರೆ ಅದು ಚಿಲಕ ಹಾಕಿದ ಬಾಗಿಲಲ್ಲ, ಸುಮ್ನಿರು ಮಗೂ ನಿನಗೆ ಅರ್ಥ ಆಗಲ್ಲ ಅಂತ ಯಾರೋ ತಲೆ ಅಲ್ಲಾಡಿಸಿದ ಥರದ ಮೌನ ಅಂತ ಬರೀತಾನೆ. ಒಂದು ಮೈಲಿಗೆ ಎಷ್ಟು ಗಂಟೆ, ಹಳದಿ ಬಣ್ಣ ಚೌಕವೋ ಗುಂಡಗೋ, ನಾವು ದೇವರಿಗೆ ಕೇಳೋ ಅರ್ಧ ಪ್ರಶ್ನೆ ಇಂಥವೇ ಇರಬಹುದು ಅಂತಾನೆ.

ನನ್ನ ಅಭಿಪ್ರಾಯ ಕೇಳಿದ್ರೆ, ಕೊನೆಗಾಲದಲ್ಲಿ ಲೂಯಿಸ್ ಕಳ್ಕೊಂಡಿದ್ದು ದೇವರನ್ನಲ್ಲ, ಉತ್ತರ ರೆಡಿ ಇಟ್ಕೊಳ್ಳೋ ಅಭ್ಯಾಸನ. ನಂಗೆ 1940ರ ಪುಸ್ತಕಕ್ಕಿಂತ ಈ ತೆಳು ಪುಸ್ತಕಾನೇ ದೊಡ್ಡದು.

ಪ್ರಶ್ನೆ: ನಮಸ್ಕಾರ್ರಿ ಸರ್. ಐವತ್ತೇಳು ವರ್ಷಕ್ಕ ಲಗ್ನ ಆದ್ರಂತ, ಅದೂ ವೀಸಾ ಸಲುವಾಗಿ ಅಂತ ಕೇಳೇನಿ. ಅಷ್ಟು ದೊಡ್ಡ ಧರ್ಮಿಷ್ಠ ಮನಷ್ಯಾ ಹಿಂಗ ಸುಳ್ಳ ಲಗ್ನ ಮಾಡ್ಕೊಬಹುದೇನ್ರಿ?
ಧಾರವಾಡ

ಉತ್ತರ: ಕೇಳಿದ್ದು ಖರೇನೇ ಐತ್ರಿ. ಜಾಯ್ ನ್ಯೂಯಾರ್ಕಿನ ಯಹೂದಿ ಮನೆತನದವಳು, ಕವಿ, ಒಂದು ಕಾಲಕ್ಕೆ ಕಮ್ಯುನಿಸ್ಟ್ ಪಾರ್ಟಿಯಲ್ಲಿದ್ದ ನಾಸ್ತಿಕಿ, ಆಮೇಲೆ ಕ್ರೈಸ್ತಳಾದಳು. 1950ರಲ್ಲಿ ಲೂಯಿಸ್‌ಗೆ ಪತ್ರ ಬರೆಯೋಕೆ ಶುರು ಮಾಡಿದ್ದು, 1952ರಲ್ಲಿ ಭೇಟಿ, ಮೊದಲ ಗಂಡನ ಜೊತೆ ಸಂಸಾರ ಮುರಿದು ಇಬ್ರು ಗಂಡುಮಕ್ಕಳನ್ನ ಕಟ್ಕೊಂಡು ಇಂಗ್ಲೆಂಡಿಗೆ ಬಂದಳು. ಬ್ರಿಟನ್ ಸರ್ಕಾರ ಅವಳು ಅಲ್ಲಿರೋ ಪರ್ಮಿಟ್ ಮುಂದುವರಿಸಲಿಲ್ಲ. ಆಗ 1956ರ ಏಪ್ರಿಲ್ 23ರಂದು ಆಕ್ಸ್‌ಫರ್ಡ್‌ನ ರಿಜಿಸ್ಟ್ರಾರ್ ಆಫೀಸಲ್ಲಿ ಸಹಿ ಹಾಕಿ ಮದುವೆ ಆಯ್ತು, ಆಮೇಲೆ ಅವಳು ಅವಳ ಮನೇಲಿ, ಇವನು ಇವನ ಮನೇಲಿ. ಲೂಯಿಸ್ ಲೆಕ್ಕದಲ್ಲಿ ಇದು ಸ್ನೇಹಿತೆಗೆ ಮಾಡಿದ ಒಂದು ಕಾಗದದ ಉಪಕಾರ, ದೇವರ ಮುಂದೆ ಆಗಿದ್ದಷ್ಟೇ ಮದುವೆ. ಸರಿಯೋ ತಪ್ಪೋ ನೀವೇ ಹೇಳಿ, ನನಗಂತೂ ಧರ್ಮಸೂಕ್ಷ್ಮದ ಜೊತೆ ಸ್ವಲ್ಪ ತನ್ನನ್ನ ತಾನು ಮೋಸ ಮಾಡ್ಕೊಳ್ಳೋದೂ ಅಲ್ಲಿ ಕಾಣುತ್ತೆ, ಆ ಹೊತ್ತಿಗಾಗ್ಲೇ ಅವನಿಗೆ ಅವಳು ಬರೀ ಸ್ನೇಹಿತೆ ಆಗಿರ್ಲಿಲ್ಲ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಜಾಯ್ ಮನೇಲಿ ಬಿದ್ದಳು, ತೊಡೆಮೂಳೆ ಮುರೀತು, ಎಕ್ಸ್‌ರೇ ತೆಗೆದ್ರೆ ಒಳಗೆಲ್ಲಾ ಕ್ಯಾನ್ಸರ್ ತಿಂದುಹಾಕಿತ್ತು. ಈಗ ಲೂಯಿಸ್‌ಗೆ ಚರ್ಚಿನ ಮದುವೆ ಬೇಕಾಯ್ತು. ವಿಚ್ಛೇದನ ಆದವಳು ಅಂತ ಬಿಷಪ್ ಒಪ್ಪಲಿಲ್ಲ. ಪೀಟರ್ ಬೈಡ್ ಅನ್ನೋ ಪಾದ್ರಿ, ಹಿಂದೆ ಲೂಯಿಸ್‌ನ ಶಿಷ್ಯನಾಗಿದ್ದವನು, ಅವನು ಪ್ರಾರ್ಥನೆ ಮಾಡಿ ತಲೆ ಮೇಲೆ ಕೈಯಿಟ್ರೆ ವಾಸಿ ಆಗುತ್ತೆ ಅಂತ ಹೆಸರಿತ್ತು, ಅದಕ್ಕೇ ಕರೆಸಿದ್ದು. ಬಂದವನು ಮದುವೆನೂ ಮಾಡಿಸಿದ, 1957ರ ಮಾರ್ಚ್ 21, ಆಸ್ಪತ್ರೆ ಹಾಸಿಗೆ ಮೇಲೆ ಮದುಮಗಳು.

ಆಮೇಲೆ ಆಗಿದ್ದೇ ವಿಚಿತ್ರ. ಸಾಯೋಕಂತ ಮನೆಗೆ ಕರ್ಕೊಂಡು ಬಂದವಳು ಎದ್ದು ಓಡಾಡಿದಳು, ಮೂಳೆ ಮತ್ತೆ ಕೂಡ್ತು. ಅದೇ ಸಮಯಕ್ಕೆ ಲೂಯಿಸ್‌ಗೆ ಮೂಳೆ ಸವೆಯೋ ರೋಗ ಶುರುವಾಗಿತ್ತು, ಅವಳಿಗೆ ಸೇರ್ತಿರೋ ಕ್ಯಾಲ್ಸಿಯಂ ನನ್ನಿಂದ ಹೋಗ್ತಿದೆ ಅಂತ ಅವನಿಗನ್ನಿಸಿತ್ತು, ಅವಳ ನೋವನ್ನ ನನ್ನ ಮೈಗೆ ತಗೊಳ್ಳೋ ಅವಕಾಶ ಸಿಕ್ತು ಅಂತ ಸ್ನೇಹಿತ ನೆವಿಲ್ ಕಾಗ್‌ಹಿಲ್ ಹತ್ರ ಹೇಳಿದ್ದ. 1958ರಲ್ಲಿ ಐರ್ಲೆಂಡ್, 1960ರ ಏಪ್ರಿಲ್‌ನಲ್ಲಿ ಗ್ರೀಸ್ ಪ್ರವಾಸ ಮಾಡಿ ಬಂದ್ರು, ಮೂರು ತಿಂಗಳಲ್ಲಿ ಅವಳು ಹೋದಳು.

ಪವಾಡ ಆಯ್ತು ಅಂತ ಡಂಗುರ ಸಾರಬಹುದಿತ್ತು, ಸಾರಲಿಲ್ಲ. 1959ರಲ್ಲಿ ಪ್ರಾರ್ಥನೆ ಬಗ್ಗೆ ಒಂದು ಲೇಖನ ಬರೆದ, ಅದರಲ್ಲಿ ಹೆಸರು ಹೇಳ್ದೇ ಇದೇ ಕತೆ ಇದೆ. ಕ್ಯಾನ್ಸರ್ ತಿಂದ ತೊಡೆಮೂಳೆ, ಕೈಯಿಟ್ಟು ಪ್ರಾರ್ಥಿಸಿದ ಒಳ್ಳೇ ಮನುಷ್ಯ, ಒಂದು ವರ್ಷ ಆದ್ಮೇಲೆ ಕಾಡಿನ ಏರುದಾರಿಯಲ್ಲಿ ನಡೀತಿರೋ ರೋಗಿ, ಬಂಡೆ ಥರ ಗಟ್ಟಿಯಾಗಿದೆ ಈ ಮೂಳೆ ಅಂತ ಎಕ್ಸ್‌ರೇಯವ್ನ ಆಶ್ಚರ್ಯ, ಎಲ್ಲಾ ಹೇಳಿ ಇದ್ರಿಂದ ಪ್ರಾರ್ಥನೆ ಕೆಲಸ ಮಾಡುತ್ತೆ ಅಂತ ಸಾಬೀತಾಗಲ್ಲ ಅಂತ ಅವನೇ ಬರೀತಾನೆ. ಅದೇ ಲೇಖನದ ಕೊನೇಲಿ ಅನುಭವಸ್ಥರೊಬ್ಬರು ಹೇಳಿದ ಮಾತು ಬರುತ್ತೆ: ಹೊಸದಾಗಿ ಭಕ್ತನಾದವನಿಗೆ ಬೇಡಿದ್ದು ಸಿಗೋದು ಜಾಸ್ತಿ, ಹಳಬನಾಗ್ತಾ ಹೋದ ಹಾಗೆ ಕಮ್ಮಿ ಆಗುತ್ತೆ, ಇಲ್ಲ ಅನ್ನೋ ಉತ್ತರಾನೂ ಖಡಕ್ಕಾಗಿ ಬರುತ್ತೆ ಅಂತ. ಜಾಯ್ ಇನ್ನೂ ಬದುಕಿದ್ದಾಗ ಬರೆದಿದ್ದು ಇದು.

ಪ್ರಶ್ನೆ: ಸಿನಿಮಾ ನೋಡಿದೀನಿ, 'ಶಾಡೋಲ್ಯಾಂಡ್ಸ್'. ಎಷ್ಟು ನಂಬಬಹುದು?
ಮೈಸೂರು

ಉತ್ತರ: ಲೂಯಿಸ್, ಜಾಯ್ ಕತೆ ಮೇಲೆ ಮಾಡಿದ ಸಿನಿಮಾ ಅದು. ಲೂಯಿಸ್ ಆಗಿ ಆಂಟನಿ ಹಾಪ್ಕಿನ್ಸ್ ನಟನೆ ನಂಬಿ. 1993ರ ಆ ಸಿನಿಮಾದಲ್ಲಿ ಇಬ್ರು ಮಕ್ಕಳ ಬದ್ಲು ಒಬ್ಬನೇ ಇದಾನೆ, ಲೂಯಿಸ್ ಹೆಂಗಸರ ಗಾಳಿನೇ ಸೋಕದ ಪುಸ್ತಕದ ಹುಳು ಥರ ಇದಾನೆ. ನಿಜದಲ್ಲಿ ಯುದ್ಧದಲ್ಲಿ ಸತ್ತ ಗೆಳೆಯನಿಗೆ ಕೊಟ್ಟ ಮಾತಿಗೆ ಅವನ ತಾಯಿ ಮಿಸೆಸ್ ಮೂರ್ ಅವ್ರನ್ನ ಮೂವತ್ತು ವರ್ಷಕ್ಕೂ ಹೆಚ್ಚು ಮನೇಲಿಟ್ಕೊಂಡು ನೋಡ್ಕೊಂಡ, ಕೊನೆಕೊನೆಗೆ ಅರಳುಮರಳಾದ ಮುದುಕಿ ಚಾಕರಿ, ಅವಳ ನಾಯಿ ಚಾಕರಿ, ಅದರ ಮಧ್ಯೆ ಪುಸ್ತಕ ಬರೆಯೋದು. ಆಕೆ ತೀರಿಕೊಂಡಿದ್ದು 1951ರ ಜನವರಿಯಲ್ಲಿ. ಅವರಿಬ್ಬರ ಸಂಬಂಧ ಯೌವನದಲ್ಲಿ ಎಂಥದ್ದು ಅನ್ನೋದರ ಮೇಲೆ ಜೀವನಚರಿತ್ರೆ ಬರೆದವ್ರು ಇವತ್ತಿಗೂ ಕಿತ್ತಾಡ್ತಾರೆ.

ಪ್ರಶ್ನೆ: ಒಬ್ಬ ಫಿಲಾಸಫಿ ಮೇಡಂ ಹತ್ರ ಡಿಬೇಟಲ್ಲಿ ಸೋತು, ಅವಮಾನ ಆಗಿ, ವಾದ ಮಾಡೋದೇ ಬಿಟ್ಟು ಮಕ್ಕಳ ಕತೆ ಬರೆಯೋಕೆ ಕೂತ ಅಂತಾರಲ್ಲ?
ಹಾಸನ

ಉತ್ತರ: ಚಂದದ ಕತೆ, ಅರ್ಧ ನಿಜ. ಎಲಿಜಬೆತ್ ಆನ್ಸ್‌ಕೂಂಬ್ ಅಂತ, ವಿಟ್‌ಗೆನ್‌ಸ್ಟೈನ್ ಅನ್ನೋ ದೊಡ್ಡ ತತ್ವಜ್ಞಾನಿಯ ಶಿಷ್ಯೆ, ಅವಳೂ ದೈವಭಕ್ತೆನೇ, ಕ್ಯಾಥೊಲಿಕ್. 1948ರ ಫೆಬ್ರವರಿ 2ರಂದು ಆಕ್ಸ್‌ಫರ್ಡ್‌ನ ಸಾಕ್ರಟಿಕ್ ಕ್ಲಬ್ ಅನ್ನೋ ಚರ್ಚಾಕೂಟದಲ್ಲಿ ಲೂಯಿಸ್‌ನ 'ಮಿರಾಕಲ್ಸ್' ಪುಸ್ತಕದ ಮೂರನೇ ಅಧ್ಯಾಯದ ತರ್ಕ ಎಲ್ಲಿ ಕುಂಟ್ತಿದೆ ಅಂತ ಬಿಚ್ಚಿಟ್ಟಳು. ಲೂಯಿಸ್ ಮಂಕಾಗಿದ್ದ ಅಂತ ಅವನ ಕೆಲವು ಸ್ನೇಹಿತರು ಹೇಳಿದ್ದಾರೆ, ಆನ್ಸ್‌ಕೂಂಬ್ ಮಾತ್ರ ಆಮೇಲೆ ಬರೆದಾಗ ಅದೊಂದು ಗಂಭೀರ ಚರ್ಚೆ ಆಗಿತ್ತು ಅಷ್ಟೇ ಅಂತಾಳೆ. ಮುಖ್ಯ ವಿಷಯ ಏನಂದ್ರೆ 1960ರ ಹೊಸ ಆವೃತ್ತಿಗೆ ಲೂಯಿಸ್ ಆ ಅಧ್ಯಾಯನ ತಿದ್ದಿ ಬರೆದ, ಅದನ್ನ ನೋಡಿ ಆ ಮನುಷ್ಯ ಪ್ರಾಮಾಣಿಕ ಅಂತ ಹೇಳಿದ್ದೂ ಆನ್ಸ್‌ಕೂಂಬ್. ನಾರ್ನಿಯಾ ಡಿಬೇಟಿಂದ ಹುಟ್ಟಿದ್ದಲ್ಲ, ಕೊಡೆ ಹಿಡ್ಕೊಂಡು ಹಿಮದಲ್ಲಿ ನಡೀತಿರೋ ಮೇಕೆಕಾಲಿನ ಫಾನ್‌ನ ಚಿತ್ರ ಸುಮಾರು ಹದಿನಾರನೇ ವಯಸ್ಸಿಂದಾನೇ ತಲೇಲಿತ್ತು ಅಂತ ಅವನೇ ಹೇಳಿದ್ದಾನೆ. ಆದ್ರೆ 1948 ಆದ್ಮೇಲೆ ದೇವರಿದ್ದಾನೆ ಅಂತ ಸಾಧಿಸೋ ಹೊಸ ಪುಸ್ತಕ ಅವನು ಬರೀಲಿಲ್ಲ ಅನ್ನೋದೂ ಹೌದು. ಬೈಬಲ್ಲಿನ ಕೀರ್ತನೆಗಳ ಬಗ್ಗೆ ಬರೆದ, ಪ್ರೀತಿ ಬಗ್ಗೆ ಬರೆದ, ಪ್ರಾರ್ಥನೆ ಬಗ್ಗೆ ಬರೆದ. ಸೋತು ಬಿಟ್ಟ ಅಂತ ನನಗನ್ಸಲ್ಲ, ಆ ಕೆಲಸ ಸಾಕು ಅನ್ಸಿರಬೇಕು.

ಪ್ರಶ್ನೆ: ಲೂಯಿಸರಿಗೂ ನಮ್ಮ ಬೆಂಗಳೂರಿಗೂ ಏನಾದರೂ ನಂಟಿದೆಯೇ ಸರ್?
ಕೆಂಗೇರಿ, ಬೆಂಗಳೂರು

ಉತ್ತರ: ಈ ಪ್ರಶ್ನೆ ಕೆಂಗೇರಿಯಿಂದಲೇ ಬಂತಲ್ಲ, ನನಗೆ ಖುಷಿ ಆಗಿಹೋಯ್ತು! ನಂಟಿದೆ, ಅದೂ ನಿಮ್ಮ ಏರಿಯಾದಲ್ಲೇ.

ಅಲನ್ ಗ್ರಿಫಿತ್ಸ್ ಅಂತ ಆಕ್ಸ್‌ಫರ್ಡ್‌ನಲ್ಲಿ ಲೂಯಿಸ್ ಹತ್ರ ಸಾಹಿತ್ಯ ಓದಿದ ಹುಡುಗ. ಗುರು ಶಿಷ್ಯ ಇಬ್ರೂ ಸುಮಾರು ಒಂದೇ ಹೊತ್ತಿಗೆ ದೇವರ ಕಡೆ ಹೊರಳಿದವರು, ಪತ್ರದಲ್ಲಿ ಒಬ್ರಿಗೊಬ್ರು ದಾರಿ ಕೇಳ್ಕೊಂಡು ಹೋದವರು. ಗ್ರಿಫಿತ್ಸ್ ಕ್ಯಾಥೊಲಿಕ್ ಆಗಿ, ಬೆನೆಡಿಕ್ಟೈನ್ ಅನ್ನೋ ಮಠದ ಪಂಥದ ಸನ್ಯಾಸಿಯಾಗಿ, ಬೀಡ್ ಅಂತ ಹೆಸರು ತಗೊಂಡ. 1955ರಲ್ಲಿ ಇಂಡಿಯಾಕ್ಕೆ ಬಂದು ಮೊದಲು ನೆಲೆ ನಿಂತಿದ್ದೇ ಕೆಂಗೇರಿಯಲ್ಲಿ. ಅಲ್ಲಿಂದ ಕೇರಳದ ಕುರಿಸುಮಲ, 1968ರಲ್ಲಿ ತಮಿಳುನಾಡಿನ ಕಾವೇರಿ ದಡದ ಶಾಂತಿವನಂ ಆಶ್ರಮ, ಕಾವಿ ಉಟ್ಟು, ಉಪನಿಷತ್ತು ಓದ್ಕೊಂಡು, 1993ರಲ್ಲಿ ಅಲ್ಲೇ ತೀರಿಕೊಂಡರು. ಲೂಯಿಸ್ ತನ್ನ ಆತ್ಮಕತೆ 'ಸರ್‌ಪ್ರೈಸ್ಡ್ ಬೈ ಜಾಯ್' ಅರ್ಪಣೆ ಮಾಡಿರೋದು ಇವರಿಗೇ, ಅದು ಬಂದಿದ್ದೂ ಅದೇ 1955ರಲ್ಲಿ. ಹೆಸರಲ್ಲಿ ಜಾಯ್ ಇದೆ ಅಂತ ಹೆಂಡತಿ ಬಗ್ಗೆ ಅಂದ್ಕೋಬೇಡಿ, ಇದು ಆನಂದ ಅನ್ನೋ ಅರ್ಥದ ಜಾಯ್.

ಆ ಆತ್ಮಕತೆಯಲ್ಲಿ ನಮ್ಮವರಿಗೆ ಆಸಕ್ತಿ ಹುಟ್ಟಿಸೋ ಮಾತೊಂದಿದೆ. ನಾಸ್ತಿಕತೆ ಬಿಟ್ಟು ಯಾವ ಧರ್ಮ ಅಂತ ಹುಡುಕುವಾಗ ಕೊನೇಗೆ ಲೆಕ್ಕಕ್ಕೆ ಉಳಿದಿದ್ದು ಎರಡೇ, ಒಂದು ಹಿಂದೂ ಧರ್ಮ, ಇನ್ನೊಂದು ಕ್ರೈಸ್ತ ಧರ್ಮ ಅಂತ. ಆದ್ರೆ ಗ್ರಿಫಿತ್ಸ್ ಇಂಡಿಯಾದಿಂದ ಉತ್ಸಾಹದಿಂದ ಬರೆದಾಗ ಲೂಯಿಸ್ ಕೊಟ್ಟ ಉತ್ತರದ ಸಾರಾಂಶ ಏನು ಗೊತ್ತಾ, ನಿಮ್ಮ ಹಿಂದೂಗಳು ತುಂಬಾ ಒಳ್ಳೇವ್ರಾಗೇ ಕಾಣ್ತಾರೆ, ಆದ್ರೆ ಅವರು ಯಾವುದನ್ನ ಸುಳ್ಳು ಅಂತಾರೆ, ಸತ್ಯ ಅಂದ್ಮೇಲೆ ಏನನ್ನಾದ್ರೂ ಹೊರಗಿಡಲೇಬೇಕಲ್ಲ ಅಂತ. ಎಲ್ಲಾ ನದಿ ಸಮುದ್ರಕ್ಕೇ ಅನ್ನೋ ನಮ್ಮ ವಾಡಿಕೆ ಮಾತಿಗೆ ಇಷ್ಟು ನೇರವಾಗಿ ಕೈ ಹಾಕಿದ ಪ್ರಶ್ನೆ ಕಮ್ಮಿ. ಬಸವಣ್ಣನವರ ಕಡೆಯವರು ಸಿಕ್ಕಿದ್ರೆ ನಾವು ಸುಳ್ಳು ಅನ್ನೋದು ಬೇಕಾದಷ್ಟಿದೆ ಬಾರಯ್ಯ ಅಂತ ಕೂರಿಸಿಕೊಳ್ತಿದ್ರೋ ಏನೋ, ಆದ್ರೆ ಅವನು ಇಂಡಿಯಾಕ್ಕೆ ಬರಲೇ ಇಲ್ಲ.

ಪ್ರಶ್ನೆ: ಲೂಯಿಸರನ್ನು ಕ್ರೈಸ್ತರನ್ನಾಗಿ ಮಾಡಿದ್ದು ಕೆಥೋಲಿಕರಾದ ಟೋಲ್ಕಿನ್ ಅಲ್ಲವೇ? ಹಾಗಿದ್ದೂ ಅವರೇಕೆ ಕೆಥೋಲಿಕ್ ಸಭೆಗೆ ಸೇರಲಿಲ್ಲ? ಇಬ್ಬರೂ ಕೊನೆಗೆ ಮಾತು ಬಿಟ್ಟಿದ್ದರಂತೆ ಹೌದೇ?
ಮಂಗಳೂರು

ಉತ್ತರ: 'ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್ ಒಬ್ಬರೇ ಅಲ್ಲ, ಇನ್ನೊಬ್ಬ ಸ್ನೇಹಿತ ಹ್ಯೂಗೋ ಡೈಸನ್ ಕೂಡ. ಝೂಗೆ ಹೋಗೋ ಕೆಲವೇ ದಿನ ಮೊದಲು ಈ ಮೂವರು ಮಾಡ್ಲಿನ್ ಕಾಲೇಜಿನ ಅಡಿಸನ್ಸ್ ವಾಕ್‌ನಲ್ಲಿ ಅಡ್ಡಾಡ್ತಾ ನಡುರಾತ್ರಿ ದಾಟೋವರೆಗೆ ಮಾತಾಡಿದ್ರು. ಲೂಯಿಸ್ ಕಡೆವರೆಗೂ ಆಂಗ್ಲಿಕನ್ನೇ, ಅಂದ್ರೆ ಪೋಪ್ ಅಧಿಕಾರ ಒಪ್ಪದ ಇಂಗ್ಲೆಂಡ್ ಮೂಲದ ಸಭೆಯವನೇ, ಅದು ಅವನು ಹುಟ್ಟಿ ಬೆಳೆದ ಸಭೆ, ಟೋಲ್ಕಿನ್‌ಗೆ ಇದರ ಬೇಜಾರು ಕೊನೆವರೆಗೂ ಹೋಗ್ಲಿಲ್ಲ. ಪಂಥಪಂಥಗಳ ಜಗಳಕ್ಕೆ ಲೂಯಿಸ್ ಇಳೀತಾನೇ ಇರ್ಲಿಲ್ಲ, ಆ ವಿಷಯ ನಮ್ಮ ಮಧ್ಯೆ ಬೇಡ ಅಂತ ಗ್ರಿಫಿತ್ಸ್‌ಗೂ ಹೇಳಿದ್ದ. ಆದ್ರೆ ನಡವಳಿಕೆ ನೋಡಿದ್ರೆ ನಿಮ್ಮ ಕಡೆಯ ಕ್ಯಾಥೊಲಿಕರಿಗೆ ಪರಿಚಯ ಅನ್ಸೋ ಅಂಶ ಬೇಕಾದಷ್ಟಿದೆ. 1940ರಿಂದ ತಪ್ಪದೇ ಪಾದ್ರಿ ಹತ್ರ ಪಾಪನಿವೇದನೆ ಮಾಡ್ತಿದ್ದ, ಇಟಲಿಯ ವೆರೋನಾದ ಕ್ಯಾಥೊಲಿಕ್ ಪಾದ್ರಿ ಜೊವಾನ್ನಿ ಕಲಾಬ್ರಿಯಾ ಜೊತೆ ವರ್ಷಗಟ್ಟಲೆ ಲ್ಯಾಟಿನ್‌ನಲ್ಲಿ ಪತ್ರ ವ್ಯವಹಾರ, ಸತ್ತವರಿಗಾಗಿ ಪ್ರಾರ್ಥನೆ. ಕೊನೇ ಪುಸ್ತಕದಲ್ಲಿ ಪರ್ಗೆಟರಿ, ಅಂದ್ರೆ ಸತ್ತ ಮೇಲೆ ಸ್ವರ್ಗಕ್ಕೆ ಮುಂಚೆ ಆತ್ಮ ಶುದ್ಧ ಆಗೋ ಹಂತ, ಇದೆ ಅಂತ ನಂಬ್ತೀನಿ ಅಂತ ನೇರವಾಗೇ ಬರೀತಾನೆ, ಹಲ್ಲು ಕಿತ್ತಾದ್ಮೇಲೆ ಡೆಂಟಿಸ್ಟ್ ಇದ್ರಲ್ಲಿ ಬಾಯಿ ಮುಕ್ಕಳಿಸಿ ಅಂತಾರಲ್ಲ, ಅದೇ ಪರ್ಗೆಟರಿ ಇರಬಹುದು ಅಂತಾನೆ.

ಮಾತು ಬಿಟ್ಟಿದ್ರು ಅನ್ನೋದು ಜಾಸ್ತಿ ಆಯ್ತು, ದೂರ ಆಗಿದ್ರು. ಮದುವೆ ವಿಷಯನ ಲೂಯಿಸ್ ಟೋಲ್ಕಿನ್‌ಗೆ ಹೇಳಲೇ ಇಲ್ಲ, ಬೇರೆಯವರಿಂದ ಗೊತ್ತಾಯ್ತು, ನೋವಾಗದೇ ಇರುತ್ತಾ? ಆದ್ರೂ 1954ರಲ್ಲಿ ಕೇಂಬ್ರಿಡ್ಜ್ ಪ್ರೊಫೆಸರ್ ಹುದ್ದೆ ಬೇಡ ಬೇಡ ಅಂತಿದ್ದ ಲೂಯಿಸ್‌ನ ಒಪ್ಪಿಸಿದ್ದು ಟೋಲ್ಕಿನ್, 1961ರ ನೊಬೆಲ್‌ಗೆ ಟೋಲ್ಕಿನ್ ಹೆಸರು ಕಳಿಸಿದ್ದು ಲೂಯಿಸ್. ಲೂಯಿಸ್ ಹೋದಾಗ ಟೋಲ್ಕಿನ್ ಮಗಳಿಗೆ ಬರೆದ ಪತ್ರದಲ್ಲಿ, ಇದು ಬೇರಿನ ಹತ್ತಿರ ಕೊಡಲಿ ಬಿದ್ದ ಹಾಗಿದೆ ಅಂತಾರೆ.

ಪ್ರಶ್ನೆ: ಪುಸ್ತಕ ಬರೆಯೋರು ಚರ್ಚಿಗೆ ಹೋಗ್ತಾರಾ? ಸುಮ್ನೆ ಕೇಳಿದೆ.
ಕೋಲಾರ

ಉತ್ತರ: ಸುಮ್ನೆ ಕೇಳಿದ್ರೂ ಒಳ್ಳೇ ಪ್ರಶ್ನೆ. ಹೋಗ್ತಿದ್ದ, ಮನೆ ಹತ್ರದ ಹೆಡಿಂಗ್ಟನ್ ಕ್ವಾರಿಯ ಹೋಲಿ ಟ್ರಿನಿಟಿ ಚರ್ಚ್‌ಗೆ, ಅಣ್ಣನ ಜೊತೆ, ಕಂಬದ ಪಕ್ಕದ ಜಾಗದಲ್ಲಿ ಕೂರ್ತಿದ್ದ. ಹಾಡುಗಳು ಅಂದ್ರೆ ಆಗ್ತಿರ್ಲಿಲ್ಲ, ಐದನೇ ದರ್ಜೆ ಪದ್ಯಕ್ಕೆ ಆರನೇ ದರ್ಜೆ ಸಂಗೀತ ಅಂತ ಬೈತಿದ್ದ, ಆದ್ರೆ ಎದುರು ಸಾಲಲ್ಲಿ ಎಲಾಸ್ಟಿಕ್ ಬೂಟು ಹಾಕಿದ ಒಬ್ಬ ಮುದುಕಪ್ಪ ಅದೇ ಹಾಡನ್ನ ಭಕ್ತಿಯಿಂದ ಹಾಡೋದು ನೋಡಿದ್ಮೇಲೆ ಆ ಬೂಟು ಒರೆಸೋ ಯೋಗ್ಯತೆನೂ ನನಗಿಲ್ಲ ಅನ್ಸ್ತು ಅಂತಾನೆ. ಪಾದ್ರಿಗಳು ಪೂಜಾಕ್ರಮ ಪದೇಪದೇ ಬದಲಾಯಿಸಿದ್ರೂ ಸಿಟ್ಟು, ನನ್ನ ಕುರಿಗಳನ್ನ ಮೇಯಿಸು ಅಂತ ಯೇಸು ಹೇಳಿದ್ದು, ನನ್ನ ಇಲಿಗಳ ಮೇಲೆ ಪ್ರಯೋಗ ಮಾಡು ಅಂತಲ್ಲ ಅಂತ.

ಪ್ರಶ್ನೆ: ರಾಯಲ್ಟಿ ದುಡ್ಡು ಚೆನ್ನಾಗಿ ಬಂದಿರಬೇಕಲ್ಲ, ಏನ್ಮಾಡಿದ್ರು?
ದಾವಣಗೆರೆ

ಉತ್ತರ: ಹಂಚಿದ. ಸೈತಾನನ ಕೈಕೆಳಗಿನ ಒಂದು ಹಿರಿಯ ದೆವ್ವದ ಪತ್ರಗಳ ರೂಪದಲ್ಲಿ ಅವನು ಬರೆದ ಪ್ರಸಿದ್ಧ ಅಂಕಣ ಮೊದಲು ಒಂದು ಚರ್ಚ್ ಪತ್ರಿಕೆಯಲ್ಲಿ ಬರ್ತಿತ್ತು, ಒಂದು ಪತ್ರಕ್ಕೆ ಎರಡು ಪೌಂಡ್, ಅದನ್ನ ಪಾದ್ರಿಗಳ ವಿಧವೆಯರ ನಿಧಿಗೆ ಕಳಿಸಿ ಅಂದ. ಆಮೇಲೆ ಬಂದ ದುಡ್ಡಿಗೆ ಕಟ್ಟಬೇಕಾದ ಟ್ಯಾಕ್ಸ್ ನೋಡಿ ಗಾಬರಿಬಿದ್ದಾಗ ವಕೀಲ ಸ್ನೇಹಿತ ಓವನ್ ಬಾರ್‌ಫೀಲ್ಡ್ ಅಗಾಪೆ ಫಂಡ್ ಅಂತ ಮಾಡಿಕೊಟ್ಟ, ರಾಯಲ್ಟಿಯ ದೊಡ್ಡ ಪಾಲು ಅಲ್ಲಿಂದ ಕಷ್ಟದಲ್ಲಿರೋರಿಗೆ ಹೋಗ್ತಿತ್ತು. ಸ್ವಂತ ಮನೆ ರಿಪೇರಿಗೆ ಮಾತ್ರ ಕೈ ಬಿಗಿ, ದುಡ್ಡೆಲ್ಲಾ ಖಾಲಿಯಾಗಿ ಬೀದಿಗೆ ಬಂದುಬಿಡ್ತೀವಿ ಅನ್ನೋ ಭಯ ಅವನಿಗೂ ಅಣ್ಣನಿಗೂ ಯಾವಾಗ್ಲೂ ಇತ್ತು.

ಪ್ರಶ್ನೆ: ಕೆನಡಿ ಸತ್ತ ದಿನವೇ ತೀರಿಕೊಂಡರಂತೆ. ಕೊನೆ ದಿನಗಳು ಹೇಗಿದ್ದವು, ಸಾವಿಗೆ ಹೆದರಿದ್ದರೇ?
ಉಡುಪಿ

ಉತ್ತರ: ಅದೇ ದಿನ, 1963ರ ನವೆಂಬರ್ 22, ಶುಕ್ರವಾರ. ಕೆನಡಿಗೆ ಗುಂಡು ಬೀಳೋಕೆ ಸುಮಾರು ಒಂದು ಗಂಟೆ ಮೊದಲು. ಇನ್ನೊಬ್ಬ ಹೆಸರಾಂತ ಇಂಗ್ಲಿಷ್ ಲೇಖಕ ಆಲ್ಡಸ್ ಹಕ್ಸ್‌ಲೀ ಹೋಗಿದ್ದೂ ಅವತ್ತೇ, ಹಾಗಾಗಿ ಮರುದಿನದ ಪೇಪರ್‌ಗಳಲ್ಲಿ ಈ ಇಬ್ಬರಿಗೂ ಜಾಗ ಎಲ್ಲಿಂದ ಬರ್ಬೇಕು.

1961ರಿಂದಾನೇ ಆರೋಗ್ಯ ಕೆಟ್ಟಿತ್ತು, ಪ್ರಾಸ್ಟೇಟ್ ಊದಿ ಕಿಡ್ನಿ ಹಾಳಾಗಿ, ಹೃದಯ ತಡ್ಕೊಳ್ಳಲ್ಲ ಅಂತ ಆಪರೇಷನ್ನೂ ಮಾಡೋಹಾಗಿರ್ಲಿಲ್ಲ. 1963ರ ಜುಲೈ 15ಕ್ಕೆ ಹಾರ್ಟ್ ಅಟ್ಯಾಕ್ ಆಗಿ ಕೋಮಾಕ್ಕೆ ಹೋದ, ಮರುದಿನ ಪಾದ್ರಿ ಬಂದು ಎಣ್ಣೆ ಹಚ್ಚಿ ಕೊನೆ ಪ್ರಾರ್ಥನೆನೂ ಮುಗಿಸಿದ್ರು, ಆದ್ರೆ ಇವನು ಎದ್ದು ಕೂತು ಟೀ ಕೇಳಿದ! ಎದ್ದವನಿಗೆ ಬದುಕಿದೆ ಅನ್ನೋ ಖುಷಿಗಿಂತ ಛೇ ಅನ್ಸಿದ್ದೇ ಜಾಸ್ತಿ. ಅಷ್ಟು ಸಲೀಸಾಗಿ ದಾಟಿಬಿಡ್ತಿದ್ದೆ, ಬಾಗಿಲು ಮುಖಕ್ಕೇ ಹಾಕಿದ್ರು ಅಂತ ಸೆಪ್ಟೆಂಬರ್‌ನಲ್ಲಿ ಸಿಸ್ಟರ್ ಪೆನೆಲೊಪಿ ಅನ್ನೋ ಸನ್ಯಾಸಿನಿಗೆ ಬರೀತಾನೆ. ಮೂರು ವರ್ಷದ ಹಿಂದೆ ದುಃಖದ ಪುಸ್ತಕದಲ್ಲಿ ಮುಚ್ಚಿದ ಬಾಗಿಲನ್ನೇ ಇಲ್ಲಿ ನಗ್ತಾ ಬರೆದಿರೋದು ನನಗೆ ಅವನ ಕೊನೇ ನಂಬಿಕೆ ಬಗ್ಗೆ ದೊಡ್ಡ ಸಾಕ್ಷಿ. ಕ್ರೈಸ್ತರಲ್ಲಿ ಮೊದಲ ಹುತಾತ್ಮ ಸ್ತೇಫನ ಅಂತಾರೆ, ನನ್ನ ಕೇಳಿದ್ರೆ ಯೇಸು ಸಮಾಧಿಯಿಂದ ಎಬ್ಬಿಸಿದ ಲಾಜರ, ಪಾಪ ಎರಡನೇ ಸಲ ಸಾಯ್ಬೇಕಾಯ್ತಲ್ಲ ಅಂತಾನೂ ಅಲ್ಲೇ ಬರೆದಿದ್ದಾನೆ. ಕೇಂಬ್ರಿಡ್ಜ್ ಕೆಲಸಕ್ಕೆ ರಾಜೀನಾಮೆ ಕೊಟ್ಟು ಮನೇಲಿ ಅಣ್ಣನ ಜೊತೆ ಹಳೇ ಪುಸ್ತಕ ಓದ್ಕೊಂಡಿದ್ದ. ಆ ದಿನ ಸಂಜೆ ನಾಲ್ಕಕ್ಕೆ ಅಣ್ಣ ಟೀ ಕೊಟ್ಟು ಬಂದ, ಐದೂವರೆಗೆ ರೂಮಿಂದ ಬಿದ್ದ ಸದ್ದು, ಓಡಿಹೋದ್ರೆ ಮಂಚದ ಕಾಲ ಹತ್ರ ಬಿದ್ದಿದ್ದ, ಮೂರು ನಾಲ್ಕು ನಿಮಿಷ ಅಷ್ಟೇ. ಇನ್ನೊಂದು ವಾರಕ್ಕೆ 65 ತುಂಬ್ತಿತ್ತು. ಅದೇ ವಸಂತದಲ್ಲಿ ಬರೆದು ಮುಗಿಸಿದ್ದ, ಪ್ರಾರ್ಥನೆ ಬಗ್ಗೆ ಕಾಲ್ಪನಿಕ ಗೆಳೆಯನಿಗೆ ಬರೆದ ಪತ್ರಗಳ ಪುಸ್ತಕ 'ಲೆಟರ್ಸ್ ಟು ಮಾಲ್ಕಮ್', ಅಚ್ಚಾಗಿ ಬಂದಿದ್ದು 1964ರಲ್ಲಿ.

ಪ್ರಶ್ನೆ: ಹೆಂಡತಿಯ ಮಕ್ಕಳಿಬ್ಬರು ಏನಾದ್ರು? ಅವರನ್ನೂ ಕ್ರೈಸ್ತರಾಗಿ ಬೆಳೆಸಿದ್ರಾ?
ಚಿಕ್ಕಮಗಳೂರು

ಉತ್ತರ: ತಾಯಿ ಹೋದಾಗ ಡೇವಿಡ್‌ಗೆ ಹದಿನಾರು, ಡಗ್ಲಸ್‌ಗೆ ಹದಿನಾಲ್ಕು, ಇಬ್ರನ್ನೂ ಲೂಯಿಸ್ಸೇ ನೋಡ್ಕೊಂಡ. ಅಮ್ಮನ ಮಾತು ತೆಗೆದ್ರೆ ಹುಡುಗರು ಮುಜುಗರದಿಂದ ಮುಖ ತಿರುಗಿಸ್ತಿದ್ರು, ಅವರ ತಪ್ಪಲ್ಲ, ನನಗೂ ಆ ವಯಸ್ಸಲ್ಲಿ ಹಂಗೇ ಆಗಿತ್ತು ಅಂತ ದುಃಖದ ಪುಸ್ತಕದಲ್ಲಿದೆ. ಡಗ್ಲಸ್ ಮುಂದೆ ಕ್ರೈಸ್ತನಾಗಿ, 2005ರಲ್ಲಿ ಶುರುವಾದ ನಾರ್ನಿಯಾ ಸಿನಿಮಾಗಳಿಗೆ ನಿರ್ಮಾಪಕರಲ್ಲಿ ಒಬ್ಬನಾದ. ದೊಡ್ಡವನು ಡೇವಿಡ್ ತಾಯಿಯ ಮನೆತನದ ಯಹೂದಿ ಧರ್ಮಕ್ಕೇ ವಾಪಸ್ ಹೋದ, ಅದೂ ಕಟ್ಟುನಿಟ್ಟಾಗಿ. ಜಗತ್ತಿಗೆಲ್ಲಾ ಕ್ರಿಸ್ತನ ಬಗ್ಗೆ ವಾದ ಮಾಡಿದ ಲೂಯಿಸ್ ಮನೇಲಿ ಆ ಹುಡುಗನ ಹತ್ರ ವಾದಕ್ಕೆ ಕೂರಲಿಲ್ಲ, ಅವನಿಗೆ ಯಹೂದಿ ನಿಯಮದ ಕೋಷರ್ ಊಟ ಆಕ್ಸ್‌ಫರ್ಡ್‌ನಲ್ಲಿ ಎಲ್ಲಿ ಸಿಗುತ್ತೆ ಅಂತ ಹುಡುಕಿ ತರಿಸಿಕೊಟ್ಟ.